ಕುಕ್ಕುವ ಕೋಳಿಗಳಿಗಾಗಿ ಮತ್ತೆ ಕಟ್ಟಿದ ಗೂಡು

ಈ ಬೇಸಿಗೆಯಲ್ಲಿ ನಮ್ಮ ಹಿತ್ತಲ ಕೋಳಿಗೂಡನ್ನು ಅರ್ಧ ಬಿಚ್ಚಿ ಮತ್ತೆ ಕಟ್ಟಿದೆ. ಕಾರಣ ಜಗಳ. ಹೇಂಟೆಗಳು ಒಂದನ್ನೊಂದು ಕುಕ್ಕಿ ರಕ್ತ ಬರಿಸುತ್ತಿದ್ದವು. ಏನೇನು ನೋಡಿದೆ, ಏನೇನು ಕಟ್ಟಿದೆ, ಯಾವುದು ಕೆಲಸಕ್ಕೆ ಬಂತು ಅಂತ ಇಲ್ಲಿ ಬರೆದಿಡುತ್ತೇನೆ. ಹಿತ್ತಲಲ್ಲಿ ಎಂಟು ಹತ್ತು ಕೋಳಿ ಸಾಕಿರುವವರಿಗೆ ಉಪಯೋಗ ಆಗಬಹುದು.

ನಮ್ಮದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕು. ಮನೆ ಹಿಂದೆ ಒಂದು ಬೇವಿನ ಮರ, ಅದರ ಪಕ್ಕ 6 ಅಡಿ ಉದ್ದ 4 ಅಡಿ ಅಗಲದ ಹಳೇ ಗೂಡು. ಅದರಲ್ಲಿ ನಾಲ್ಕು ಜವಾರಿ ಹೇಂಟೆ, ಎರಡು ಗಿರಿರಾಜ ತಳಿಯ ಹೇಂಟೆ, ಒಂದು ಹುಂಜ ಆರಾಮಾಗಿ ಇದ್ದವು. ಚಿಗವ್ವ ಊರು ಬಿಟ್ಟು ಮಗನ ಮನೆಗೆ ಹೋಗುವಾಗ ಅವಳ ನಾಲ್ಕು ಹೇಂಟೆ ನಮ್ಮಲ್ಲಿಗೆ ಬಂದವು. ಅದರಲ್ಲಿ ಒಂದು ಅಸೀಲ್ ಬೆರಕೆ. ಎತ್ತರದ ಕಾಲು, ಉದ್ದ ಕುತ್ತಿಗೆ, ಕೆಂಚು ಬಣ್ಣ. ಹೆಸರು ಕೆಂಚಿ. ಅಸೀಲ್ ಅಂದರೆ ಗೊತ್ತಲ್ವಾ, ಕಾಳಗದ ಕೋಳಿಯ ತಳಿ. ಆ ರಕ್ತದಲ್ಲಿ ಹೇಂಟೆಗಳೂ ಜಾಗ ಬಿಟ್ಟುಕೊಡುವುದಿಲ್ಲ, ಮರಿಗಳೂ ಚಿಕ್ಕಂದಿನಲ್ಲೇ ಎದೆ ಕೊಟ್ಟು ನಿಲ್ಲುತ್ತವೆ.

ಏಪ್ರಿಲ್ ಬಿಸಿಲು ಏರುತ್ತಿದ್ದ ಹಾಗೆ ಗಾಯ ಕಾಣಿಸಿದವು. ಪಕ್ಕದ ಮನೆ ಕಾಕಾ ಗೋಡೆ ಮೇಲಿಂದ ನೋಡಿ, "ಏ ತಮ್ಮಾ, ಆ ಕೆಂಚಿದ ಹ್ಯಾಟಿ ಸುಮ್ನ ಕೊಯ್ದ ಬಿಡೋ. ಅದು ಇರೂತನಕಾ ಉಳದದ್ದಕ್ಕ ನೆಮ್ಮದಿ ಇಲ್ಲ" ಅಂದರು. ಊರಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಕೆಂಚಿ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಓಡಿಸಿಕೊಂಡು ಹೋಗಿ ಕುಕ್ಕುತ್ತಿತ್ತು, ನಿಜ. ಆದರೆ ಗಾಯಗಳು ಬೇರೆ ಏನನ್ನೋ ಹೇಳುತ್ತಿದ್ದವು.

ಗಾಯ ಎಲ್ಲಿದೆ ಅಂತ ಮೊದಲು ನೋಡಬೇಕು

ಒಂದು ಸಂಜೆ ಎಲ್ಲ ಕೋಳಿಗಳನ್ನೂ ಒಂದೊಂದಾಗಿ ಹಿಡಿದು ನೋಡಿದೆ. ಕತ್ತಲಾದ ಮೇಲೆ ಕೋಲಿನ ಮೇಲೆ ಕೂತ ಕೋಳಿಯನ್ನು ಹಿಡಿಯುವುದು ಸುಲಭ, ಅದು ಗಾಬರಿಯೂ ಆಗುವುದಿಲ್ಲ. ಕೈಯಲ್ಲಿ ಟಾರ್ಚ್, ಪಕ್ಕದಲ್ಲಿ ಮಗಳು ನೋಟ್‌ಬುಕ್ ಹಿಡಿದುಕೊಂಡು ಬರೆಯುತ್ತಿದ್ದಳು. ಪ್ರತಿ ಕೋಳಿಯ ಕಾಲಿಗೆ ಒಂದೊಂದು ಬಣ್ಣದ ದಾರ ಕಟ್ಟಿದೆವು. ಕೆಂಪು ದಾರ ಮಾತ್ರ ಬೇಡ. ಕೆಂಪು ಕಂಡರೆ ಕೋಳಿ ಕುಕ್ಕದೆ ಬಿಡುವುದಿಲ್ಲ. ದಾರ ಬಿಗಿ ಆಗದ ಹಾಗೆ ಕಟ್ಟಬೇಕು, ಆಗಾಗ ನೋಡುತ್ತಲೂ ಇರಬೇಕು.

ಮೂರು ಜಾತಿಯ ಗುರುತು ಸಿಕ್ಕವು. ಎರಡು ಜವಾರಿ ಹೇಂಟೆಗಳ ಜುಟ್ಟಿನ ಮೇಲೆ, ಕೆನ್ನೆಯ ಹತ್ತಿರ ಒಣಗಿದ ರಕ್ತ. ಇದು ಎದುರಾಎದುರು ಜಗಳದ ಗಾಯ. ಯಾರು ಮೇಲು ಯಾರು ಕೆಳಗು ಅಂತ ತೀರ್ಮಾನ ಆಗುವಾಗ ಕೋಳಿ ತಲೆಗೇ ಹೊಡೆಯುತ್ತದೆ. ಇನ್ನೆರಡಕ್ಕೆ ಬೆನ್ನಿನ ಮೇಲೆ, ರೆಕ್ಕೆಗಳ ನಡುವೆ ಪುಕ್ಕ ಸವೆದಿತ್ತು. ಅದಕ್ಕೆ ಜಗಳ ಕಾರಣ ಅಲ್ಲ, ಹುಂಜ ಮೇಲೇರುವಾಗ ಅದರ ಉಗುರು ತಾಗಿ ಹಾಗೆ ಆಗುತ್ತದೆ. ಮೂರನೆಯದು ನನಗೆ ಜಾಸ್ತಿ ಚಿಂತೆ ತಂದದ್ದು. ನಾಲ್ಕು ಹೇಂಟೆಗಳ ಬಾಲದ ಬುಡ ಬೋಳಾಗಿತ್ತು. ಚರ್ಮ ಕಾಣುತ್ತಿತ್ತು. ಒಂದಕ್ಕಂತೂ ಗುದದ ಹತ್ತಿರ ಸಣ್ಣ ಗಾಯ ಇತ್ತು.

ಬಾಲದ ಬುಡದ ಗಾಯ ಜಗಳದಿಂದ ಬರುವುದಲ್ಲ. ಹಿಂದೆ ಕೂತ ಕೋಳಿ ಸದ್ದಿಲ್ಲದೆ ಪುಕ್ಕ ಕಿತ್ತು ತಿನ್ನುವುದರಿಂದ ಬರುತ್ತದೆ. ಇದು ಸಿಟ್ಟಲ್ಲ. ನೆಲ ಕೆದರಿ ಹುಳ ಹುಡುಕಬೇಕಾದ ಕೊಕ್ಕಿಗೆ ಕೆಲಸ ಇಲ್ಲದಾಗ, ಅಥವಾ ಮೇವಿನಲ್ಲಿ ಪ್ರೋಟೀನ್, ಉಪ್ಪಿನಂಶ ಕಮ್ಮಿ ಬಿದ್ದಾಗ ಆ ಕೊಕ್ಕು ಪಕ್ಕದ ಕೋಳಿಯ ಪುಕ್ಕದ ಕಡೆ ತಿರುಗುತ್ತದೆ. ಒಮ್ಮೆ ರಕ್ತ ಬಂದರೆ ಉಳಿದ ಕೋಳಿಗಳೂ ಸೇರಿಕೊಳ್ಳುತ್ತವೆ. ಗುದದ ಹತ್ತಿರದ ಗಾಯ ದೊಡ್ಡದಾದರೆ ಕರುಳು ಹೊರಗೆಳೆದು ಕೋಳಿ ಸಾಯುವವರೆಗೂ ಹೋಗುತ್ತದೆ.

ಹೀಗೆ ಒಂದೇ ಗೂಡಿನಲ್ಲಿ ಬೇರೆ ಬೇರೆ ತೊಂದರೆ ಇದ್ದವು. ಎಲ್ಲವನ್ನೂ ಕೆಂಚಿಯ ತಲೆಗೆ ಕಟ್ಟುವುದು ನನಗೆ ಸರಿ ಕಾಣಲಿಲ್ಲ.

ಗಾಯ ಆದ ಕೋಳಿಗಳನ್ನು ಅವತ್ತೇ ಬೇರೆ ಮಾಡಿ ದೊಡ್ಡ ಬುಟ್ಟಿ ಮುಚ್ಚಿ ಇಟ್ಟೆ. ಗಾಯವನ್ನು ಉಪ್ಪು ಹಾಕಿ ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದು, ಬೇವಿನ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದೆ. ಅದರ ಮೇಲೆ ಜೆನ್ಷಿಯನ್ ವಯಲೆಟ್ ಎಂಬ ನೇರಳೆ ಔಷಧ. ಆ ನೇರಳೆ ಬಣ್ಣದಿಂದ ಗಾಯದ ಕೆಂಪು ಮುಚ್ಚುತ್ತದೆ, ಅದೇ ಅದರ ದೊಡ್ಡ ಲಾಭ. ಬೇವಿನ ಎಣ್ಣೆಯ ಕಹಿಗೆ ಉಳಿದ ಕೋಳಿಗಳೂ ಬಾಯಿ ಹಾಕುವುದು ಕಮ್ಮಿ. ಗಾಯ ಪೂರ್ತಿ ಒಣಗುವ ತನಕ ಗುಂಪಿಗೆ ಬಿಡಬಾರದು.

ಅದೇ ರಾತ್ರಿ ಟಾರ್ಚ್ ಹಾಕಿ ಗೂಡಿನ ಕಟ್ಟಿಗೆಯ ಸಂದುಗಳನ್ನೂ ನೋಡಿದೆ. ನಿರೀಕ್ಷೆ ಮಾಡಿದ ಹಾಗೆ ಉಣ್ಣಿ ಇದ್ದವು. ಕೋಳಿ ಉಣ್ಣಿ ಹಗಲು ಬಿರುಕಿನಲ್ಲಿ ಅಡಗಿ, ರಾತ್ರಿ ಹೊರಬಂದು ರಕ್ತ ಕುಡಿಯುತ್ತದೆ. ರಾತ್ರಿಯಿಡೀ ನಿದ್ದೆ ಇಲ್ಲದ ಕೋಳಿ ಬೆಳಗ್ಗೆ ಸಿಟ್ಟಿನಲ್ಲೇ ಇರುತ್ತದೆ.

ಅಳತೆ

ಕಟ್ಟುವುದಕ್ಕೆ ಮೊದಲು ಹಳೇ ಗೂಡನ್ನು ಅಳೆದೆ. 24 ಚದರಡಿ, ಕೋಳಿ 11. ತಲೆಗೆ 2 ಚದರಡಿಗಿಂತ ಸ್ವಲ್ಪ ಜಾಸ್ತಿ. ರಾತ್ರಿ ಮಲಗುವುದಕ್ಕೆ ಸಾಲಬಹುದು, ಆದರೆ ಹಗಲು ಅದರೊಳಗೇ ಇರಬೇಕಾದರೆ ಸಾಲದು. ಮೊದಲು ಹಗಲು ಬಿಡುತ್ತಿದ್ದೆ. ಬೀದಿ ನಾಯಿಗಳ ಕಾಟ ಜಾಸ್ತಿಯಾದ ಮೇಲೆ ಬಿಡುವುದು ಕಷ್ಟವಾಗಿತ್ತು. ಹಿತ್ತಲ ಕೋಳಿಗೆ ಒಳಗೆ 3ರಿಂದ 4 ಚದರಡಿ, ಹೊರಗಿನ ಜಾಲಿ (ತಂತಿ ಬಲೆ) ಅಂಗಳದಲ್ಲಿ 8ರಿಂದ 10 ಚದರಡಿ ಇದ್ದರೆ ಚೆಂದ.

ಕೂರುವ ಕೋಲು ಒಂದೇ, 5 ಅಡಿ. ಒಂದು ಕೋಳಿಗೆ ಕಮ್ಮಿ ಅಂದರೂ 8 ಇಂಚು ಬೇಕು. ಹನ್ನೊಂದಕ್ಕೆ 7 ಅಡಿ ದಾಟುತ್ತದೆ. ಅಂದರೆ ದಿನಾ ಸಂಜೆ ಮೂರ್ನಾಲ್ಕು ಕೋಳಿ ಜಾಗಕ್ಕಾಗಿ ಜಗಳ ಆಡಲೇಬೇಕು. ಮೊಟ್ಟೆ ಇಡುವ ಬುಟ್ಟಿ ಒಂದೇ, ಹೇಂಟೆ ಹತ್ತು. ನಾಲ್ಕೈದು ಹೇಂಟೆಗೆ ಒಂದು ಬುಟ್ಟಿ ಇರಬೇಕು. ಮೇವಿನ ಪರಾತ ಒಂದೇ, ಅದೂ ಮೂಲೆಯಲ್ಲಿ. ಮೂಲೆಯಲ್ಲಿ ಮೇವಿದ್ದರೆ ಒಂದು ಜೋರಿನ ಕೋಳಿ ಎದುರು ನಿಂತು ಎಲ್ಲವನ್ನೂ ತಡೆಯಬಹುದು. ಬಾಗಿಲು ಕೂಡ ಒಂದೇ.

ನಾರ್ವೆಯ ತೊರ್ಲೀಫ್ ಷೆಲ್ಡರುಪ್-ಎಬ್ಬೆ ಎಂಬ ಪ್ರಾಣಿಶಾಸ್ತ್ರಜ್ಞ 1920ರ ದಶಕದ ಶುರುವಿನಲ್ಲೇ ಕೋಳಿಗಳ ಈ ಮೇಲು ಕೆಳಗಿನ ಸಾಲನ್ನು ಬರೆದಿಟ್ಟ. ಯಾರು ಯಾರನ್ನು ಕುಕ್ಕಬಹುದು ಅಂತ ಒಮ್ಮೆ ತೀರ್ಮಾನ ಆದರೆ ಗುಂಪು ಶಾಂತ ಆಗುತ್ತದೆ. ಆಮೇಲೆ ಬರೀ ನೋಟದಲ್ಲೇ ಕೆಲಸ ಮುಗಿಯುತ್ತದೆ, ಕೆಳಗಿನ ಕೋಳಿ ಪಕ್ಕಕ್ಕೆ ಸರಿಯುತ್ತದೆ. ಆದರೆ ಸರಿಯಲು ಜಾಗ ಬೇಕು! ನಮ್ಮ ಗೂಡಿನಲ್ಲಿ ಇಲ್ಲದ್ದು ಅದೇ. ಸೋತ ಕೋಳಿ ಮೂಲೆಗೆ ಸಿಕ್ಕಿಬೀಳುತ್ತಿತ್ತು, ಗೆದ್ದ ಕೋಳಿ ಕುಕ್ಕುತ್ತಲೇ ಇರುತ್ತಿತ್ತು.

ಕಂಬ, ಜಾಲಿ, ನೆರಳು

ಹಳೇ ಗೂಡಿಗೆ ಅಂಟಿಕೊಂಡ ಹಾಗೆ 12 ಅಡಿ ಉದ್ದ 8 ಅಡಿ ಅಗಲದ ಅಂಗಳ ಹಾಕಿದೆ. 96 ಚದರಡಿ, ತಲೆಗೆ ಎಂಟೂವರೆ ಚದರಡಿ ದಾಟುತ್ತದೆ. ಉದ್ದ ಪೂರ್ವ ಪಶ್ಚಿಮಕ್ಕೆ. ಹೀಗಿದ್ದರೆ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಉದ್ದದ ಬದಿಗೆ ಬಡಿಯುವುದಿಲ್ಲ, ಗಾಳಿ ಅಡ್ಡ ಹಾಯುತ್ತದೆ. ನಮ್ಮ ಕಡೆ ಕೋಳಿಮನೆಗೆ ಇದು ತಪ್ಪದ ನಿಯಮ.

ಕಂಬ ನಿಲ್ಲಿಸುವ ಕೆಲಸಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಸುಮ್ನೆ ತೆಗ್ಗು ತೋಡಿ ಕಂಬ ಹೂತರೆ ಒಂದೇ ವರ್ಷಕ್ಕೆ ವಾಲುತ್ತದೆ. ಅದಕ್ಕೇ ಒಂದೂವರೆ ಅಡಿ ಅಗಲದ ತೆಗ್ಗು ತೋಡಿ, ಎರೆ ಮಣ್ಣೆಲ್ಲ ಹೊರಗೆ ಹಾಕಿ, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಸುರಿದು ನೀರು ಬಿಟ್ಟು ಕುಟ್ಟಿದೆ. ಅದರ ನಡುವೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಕಂಬ, ಸುತ್ತ ಕಾಂಕ್ರೀಟ್. ನಾಲ್ಕು ಮೂಲೆಗೆ ನಾಲ್ಕು, ಉದ್ದದ ಬದಿಗಳ ನಡುವೆ ಒಂದೊಂದು. ಒಟ್ಟು ಆರು. ನೆಲದ ಮೇಲೆ ಆರೂವರೆ ಅಡಿ ಎತ್ತರ ಬಿಟ್ಟೆ, ಒಳಗೆ ಬಗ್ಗದೆ ಓಡಾಡಬಹುದು. ಬಗ್ಗಿಕೊಂಡು ಕೆಲಸ ಮಾಡುವ ಗೂಡನ್ನು ಯಾರೂ ಚೆನ್ನಾಗಿ ಸ್ವಚ್ಛ ಮಾಡುವುದಿಲ್ಲ.

ಜಾಲಿ ಎರಡು ಥರ ತಂದೆ. ಕೆಳಗಿನ ಎರಡು ಅಡಿಗೆ ಅರ್ಧ ಇಂಚಿನ ವೆಲ್ಡ್ ಜಾಲಿ, ಅದರ ಮೇಲೆ ಒಂದು ಇಂಚಿನದು. ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಯಿತು. ಆದರೂ ತೆಳು ಷಟ್ಕೋನದ ಜಾಲಿ ತರಬೇಡಿ. ಅದು ಕೋಳಿಯನ್ನು ಒಳಗೆ ಇಡುತ್ತದೆ ಅಷ್ಟೇ, ನಾಯಿಯನ್ನು ಹೊರಗೆ ಇಡುವುದಿಲ್ಲ. ಮುಂಗುಸಿ ಕೆಳಗಿನಿಂದ ತೋಡಿ ಬರದ ಹಾಗೆ ಸುತ್ತಲೂ ಪರಸಿ ಕಲ್ಲಿನ ತುಂಡುಗಳನ್ನು ಒಂದು ಅಡಿ ಅಗಲಕ್ಕೆ ಹಾಸಿದೆ. ಮನೆ ಕಟ್ಟಿದಾಗ ಉಳಿದ ತುಂಡುಗಳು ಹಿತ್ತಲಲ್ಲೇ ಬಿದ್ದಿದ್ದವು.

ಚಾವಣಿ ಅರ್ಧ ಪತ್ರಾಸು (ತಗಡು), ಅರ್ಧ ಹಸಿರು ನೆರಳು ಬಲೆ. ಪತ್ರಾಸಿನ ಮೇಲೆ ಕಬ್ಬಿನ ರವದಿ (ಒಣ ಎಲೆ) ದಪ್ಪಗೆ ಹೊದಿಸಿ ಹಗ್ಗ ಬಿಗಿದೆ. ಇದನ್ನು ಬಿಡಬೇಡಿ. ಕೋಳಿಗೆ ಬೆವರು ಗ್ರಂಥಿಯೇ ಇಲ್ಲ. ಅದರ ಮೈಯ ಬಿಸಿ ಸುಮಾರು 41 ಡಿಗ್ರಿ, ನಮ್ಮ ಮೇ ತಿಂಗಳ ಮಧ್ಯಾಹ್ನದ ಬಿಸಿಲು 40ರ ಹತ್ತಿರ. ಬಾಯಿ ತೆರೆದು ಏದುಸಿರು ಬಿಡುವುದೇ ಅದಕ್ಕೆ ಇರುವ ಮುಖ್ಯ ದಾರಿ. ಬರೀ ಪತ್ರಾಸಿನ ಕೆಳಗೆ ಕೂತ ಕೋಳಿ ಮೇವು ಬಿಡುತ್ತದೆ, ನೆರಳಿನ ಒಂದು ತುಂಡಿಗೆ ಎಲ್ಲವೂ ಮುತ್ತುತ್ತವೆ, ಅಲ್ಲೇ ಕುಕ್ಕಾಟ ಶುರು. ಜಗಳ ಯಾವ ಹೊತ್ತಿಗೆ ಜಾಸ್ತಿ ಅಂತ ಮಗಳು ಬರೆದಿಟ್ಟ ನೋಟ್‌ಬುಕ್ಕಿನಲ್ಲೂ ಅದೇ ಕಂಡಿತ್ತು. ನಡು ಮಧ್ಯಾಹ್ನ, ಮತ್ತೆ ಸಂಜೆ ಕೋಲು ಹತ್ತುವ ಹೊತ್ತು.

ಪಶ್ಚಿಮದ ಬದಿಗೆ ತಟ್ಟು (ಗೋಣಿ ಬಟ್ಟೆ) ಇಳಿಬಿಟ್ಟೆ. ಮಧ್ಯಾಹ್ನ ಅದಕ್ಕೆ ನೀರು ಚಿಮುಕಿಸಿದರೆ ಒಳಗೆ ಬರುವ ಗಾಳಿ ತಂಪಾಗುತ್ತದೆ. ನೆಲ ಮಾತ್ರ ಒದ್ದೆ ಆಗಬಾರದು. ಒದ್ದೆ ಹಾಸಿಗೆಯಿಂದ ಬೇರೆ ರೋಗ ಬರುತ್ತವೆ.

ಒಳಗಿನ ಜೋಡಣೆ

ಕಂಬ ಜಾಲಿ ಯಾರಾದರೂ ಹಾಕುತ್ತಾರೆ. ಜಗಳ ಕಮ್ಮಿ ಮಾಡಿದ್ದು ಒಳಗಿನ ಜೋಡಣೆ ಅಂತ ನನಗೆ ಅನ್ನಿಸುತ್ತದೆ.

ಮೊದಲನೆಯದು ಮರೆ. ಎರಡು ಬಿದಿರಿನ ನಡುವೆ ಜೋಳದ ಕಣಿಕೆ (ಒಣ ದಂಟು) ಒತ್ತಾಗಿ ಕಟ್ಟಿ, 3 ಅಡಿ ಉದ್ದ, ಎರಡೂವರೆ ಅಡಿ ಎತ್ತರದ ತಡಿಕೆ ಮಾಡಿದೆ. ಅಂಥ ಎರಡನ್ನು ಅಂಗಳದ ನಡುವೆ ಓರೆಯಾಗಿ ನಿಲ್ಲಿಸಿದೆ. ಯಾವ ತುದಿಯೂ ಜಾಲಿಗೆ ತಾಗಿಲ್ಲ, ಸುತ್ತಲೂ ಒಂದೂವರೆ ಅಡಿ ದಾರಿ ಇದೆ. ಓಡಿಸಿಕೊಂಡು ಬಂದ ಕೋಳಿಯ ಕಣ್ಣಿಗೆ ಎದುರಾಳಿ ಮರೆಯಾದರೆ ಅದು ಅಲ್ಲಿಗೇ ನಿಂತುಬಿಡುತ್ತದೆ. ತಡಿಕೆ ಹಾಕಿದ ದಿನವೇ ಓಡಾಟ ಅರ್ಧದಲ್ಲಿ ತುಂಡಾಗುವುದನ್ನು ನೋಡಿ ನನಗೆ ನಿಜವಾಗಿ ಖುಷಿಯಾಯಿತು. ಕಣಿಕೆಯಲ್ಲಿ ಉಳಿದ ಅಷ್ಟಿಷ್ಟು ಕಾಳು ಕುಕ್ಕುವುದರಲ್ಲೂ ಅವುಗಳ ಹೊತ್ತು ಹೋಗುತ್ತದೆ.

ಎರಡನೆಯದು ಬಾಗಿಲು. ಹಳೇ ಗೂಡಿನ ಇನ್ನೊಂದು ತುದಿಗೆ ಒಂದು ಅಡಿ ಚೌಕದ ಕಿಂಡಿ ಕೊರೆದೆ. ಈಗ ಒಂದು ಬಾಗಿಲಲ್ಲಿ ಯಾರಾದರೂ ಕಾದು ನಿಂತರೆ ಇನ್ನೊಂದರಿಂದ ಹೊರಗೆ ಹೋಗಬಹುದು.

ಕೂರುವ ಕೋಲುಗಳನ್ನು ಬೇವಿನ ಕೊಂಬೆಯಿಂದ ಮಾಡಿದೆ, ಎರಡು ಇಂಚು ದಪ್ಪ, ತೊಗಟೆ ಕೆತ್ತಿ ತೆಗೆದದ್ದು. ತೊಗಟೆ ಬಿಟ್ಟರೆ ಅದರ ಕೆಳಗೇ ಉಣ್ಣಿ ಸೇರುತ್ತವೆ. 5 ಅಡಿಯ ಎರಡು ಕೋಲು, ಎರಡೂ ಒಂದೇ ಎತ್ತರ, ನೆಲದಿಂದ 2 ಅಡಿ. ಮೆಟ್ಟಿಲ ಹಾಗೆ ಒಂದು ಮೇಲೆ ಒಂದು ಕೆಳಗೆ ಹಾಕುವುದು ನಮ್ಮಲ್ಲಿ ರೂಢಿ. ಹಾಗೆ ಹಾಕಿದರೆ ಮೇಲಿನ ಕೋಲಿಗೆ ಎಲ್ಲವೂ ಬಡಿದಾಡುತ್ತವೆ, ಕೆಳಗೆ ಕೂತ ಕೋಳಿಯ ಕೊಕ್ಕಿನ ಎದುರಿಗೇ ಮೇಲಿನ ಕೋಳಿಯ ಹಿಂಭಾಗ ಬರುತ್ತದೆ. ಪುಕ್ಕ ತಿನ್ನುವ ಕೋಳಿಗೆ ಅದಕ್ಕಿಂತ ಅನುಕೂಲ ಬೇಕಾ? ಕೋಲುಗಳ ನಡುವೆ ಕೊಕ್ಕು ಎಟುಕದಷ್ಟು ಅಂತರವನ್ನೂ ಬಿಟ್ಟೆ.

ಮೇವಿನ ತೊಟ್ಟಿಗೆ 4 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದೆ. 3 ಅಡಿಯ ಎರಡು ತುಂಡು, ಎರಡೂ ಬದಿಯಿಂದ ತಿನ್ನಬಹುದು. ಮೇಲೆ ಒಂದು ಕಡ್ಡಿ ಅಡ್ಡ ಹಾಕಿದೆ, ಕೋಳಿ ಅದರ ಮೇಲೆ ನಿಂತರೆ ಕಡ್ಡಿ ತಿರುಗಿ ಜಾರಿಸುತ್ತದೆ. ಹಾಗಾಗಿ ಮೇವಿನಲ್ಲಿ ಹಿಕ್ಕೆ ಬೀಳುವುದಿಲ್ಲ. ಒಂದು ತೊಟ್ಟಿ ತಡಿಕೆಯ ಈ ಕಡೆ, ಇನ್ನೊಂದು ಆ ಕಡೆ. ಒಂದೇ ಕೋಳಿ ಎರಡನ್ನೂ ಕಾಯಲಾಗದು. ನೀರಿಗೂ ಹಾಗೇ ಎರಡು ಮಣ್ಣಿನ ಪಾತ್ರೆ, ಎರಡೂ ನೆರಳಲ್ಲಿ.

ಮೊಟ್ಟೆ ಇಡುವುದಕ್ಕೆ ಮೂರು ಹಳೇ ಪ್ಲಾಸ್ಟಿಕ್ ಕ್ರೇಟ್. ಒಳಗೆ ರವದಿ, ಮುಂದೆ ತಟ್ಟಿನ ಪರದೆ. ಈ ಪರದೆ ಬರೀ ಅಂದಕ್ಕಲ್ಲ. ಮೊಟ್ಟೆ ಇಟ್ಟ ಕೂಡಲೇ ಹೇಂಟೆಯ ಗುದ ಸ್ವಲ್ಪ ಹೊತ್ತು ಹೊರಗೆ ಉಬ್ಬಿ ಕೆಂಪಗೆ ಹೊಳೆಯುತ್ತದೆ. ಬೆಳಕಿನಲ್ಲಿ ಅದು ಬೇರೆ ಕೋಳಿಗಳ ಕಣ್ಣಿಗೆ ಬಿದ್ದರೆ ಕುಕ್ಕುತ್ತವೆ. ಕತ್ತಲೆ ಗೂಡಿನಲ್ಲಿ ಆ ಅಪಾಯ ಇಲ್ಲ.

ಧೂಳಿನ ಸ್ನಾನಕ್ಕೆ ಒಂದು ಹಳೇ ಲಾರಿ ಟೈರ್ ಇಟ್ಟೆ. ಎರೆ ಮಣ್ಣು ಇದಕ್ಕೆ ಬರುವುದಿಲ್ಲ, ಗಡ್ಡೆ ಕಟ್ಟುತ್ತದೆ. ಮರಳು, ಜರಡಿ ಹಿಡಿದ ಗರಸಿನ ಪುಡಿ, ಒಲೆಯ ಬೂದಿ, ಒಣಗಿಸಿ ಪುಡಿ ಮಾಡಿದ ಬೇವಿನ ಎಲೆ ಬೆರೆಸಿದೆ. ಹಳೇ ಗೂಡಿನ ಸಂದುಗಳನ್ನೆಲ್ಲ ಕೆರೆದು ಎರಡು ಸಲ ಸುಣ್ಣ ಬಳಿದೆ, ತೂತುಗಳಿಗೆ ಸಿಮೆಂಟ್ ತುಂಬಿದೆ. ಹಳೇ ಹಾಸಿಗೆ ತೆಗೆದು ಸುಟ್ಟೆ. ಹೊಸ ಹಾಸಿಗೆಗೆ ರವದಿಯನ್ನು ಗೇಣುದ್ದ ಕತ್ತರಿಸಿ ನಾಲ್ಕು ಇಂಚು ದಪ್ಪ ಹಾಸಿದೆ. ಅದರೊಳಗೆ ದಿನಾ ಸಂಜೆ ಒಂದು ಮುಷ್ಟಿ ಸಜ್ಜೆ ಎರಚುತ್ತೇನೆ. ಕೆದರಿ ಹುಡುಕುವುದರಲ್ಲೇ ಕತ್ತಲಾಗುತ್ತದೆ.

ಮೇವು

ನಮ್ಮ ಕಡೆ ಕೋಳಿ ಮೇವು ಅಂದರೆ ಜೋಳದ ನುಚ್ಚು, ಮನೆಯಲ್ಲಿ ಉಳಿದ ರೊಟ್ಟಿ. ಹೊರಗೆ ಮೇಯುವ ಕೋಳಿಗೆ ಅಷ್ಟು ಸಾಕು, ಉಳಿದದ್ದನ್ನು ಅದೇ ಹುಡುಕಿಕೊಳ್ಳುತ್ತದೆ. ಜಾಲಿಯೊಳಗೆ ಇರುವ ಕೋಳಿಗೆ ಸಾಲದು. ಜೋಳದಲ್ಲಿ ಪ್ರೋಟೀನ್ ನೂರಕ್ಕೆ ಹತ್ತರ ಆಸುಪಾಸು. ಮೊಟ್ಟೆ ಇಡುವ ಹೇಂಟೆಗೆ 16ರಿಂದ 18 ಬೇಕು. ಪುಕ್ಕ ಅಂದರೆ ಬಹುಪಾಲು ಪ್ರೋಟೀನೇ. ಮೇವಿನಲ್ಲಿ ಸಿಗದ್ದನ್ನು ಕೋಳಿ ಪಕ್ಕದವಳ ಬಾಲದಿಂದ ಕಿತ್ತು ತಿನ್ನುತ್ತದೆ.

ಅಂಗಡಿಯ ಲೇಯರ್ ಮೇವು, ಅಂದರೆ ಮೊಟ್ಟೆ ಕೋಳಿಯ ಮೇವು, ಹಾಕಿದರೆ ಸುಲಭ. ನಾನು ಮನೆಯಲ್ಲೇ ಬೆರೆಸುತ್ತಿದ್ದೇನೆ. 10 ಕಿಲೋಗೆ ಲೆಕ್ಕ ಹೀಗಿದೆ: ಜೋಳ ಮತ್ತು ಗೋವಿನಜೋಳದ ನುಚ್ಚು ಸೇರಿ 5 ಕಿಲೋ, ಸೋಯಾ ಹಿಂಡಿ 2 ಕಿಲೋ, ಗೋಧಿ ಬೂಸಾ 2 ಕಿಲೋ, ಚಿಪ್ಪಿನ ನುಚ್ಚು 800 ಗ್ರಾಂ, ಕೋಳಿಗೆ ಹಾಕುವ ಮಿನರಲ್ ಮಿಶ್ರಣ 170 ಗ್ರಾಂ, ಉಪ್ಪು 30 ಗ್ರಾಂ. ಪ್ರೋಟೀನ್ 16ರಿಂದ 17ರ ನಡುವೆ ಬರುತ್ತದೆ. ಉಪ್ಪನ್ನು ತೂಕ ಮಾಡಿಯೇ ಹಾಕಬೇಕು. ಕಮ್ಮಿಯಾದರೆ ಕುಕ್ಕಾಟ ಹೆಚ್ಚುತ್ತದೆ, ಜಾಸ್ತಿಯಾದರೆ ವಿಷ. ದಿನಕ್ಕೆ ಒಂದು ಕೋಳಿ ಹೆಚ್ಚುಕಮ್ಮಿ 110ರಿಂದ 120 ಗ್ರಾಂ ತಿನ್ನುತ್ತದೆ. ಶೇಂಗಾ ಹಿಂಡಿ ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ, ಆದರೆ ಬೂಸ್ಟು ಹಿಡಿದಿದ್ದರೆ ಅದರ ವಿಷಕ್ಕೆ ಕೋಳಿಯ ಯಕೃತ್ತು ಕೆಡುತ್ತದೆ. ಅದಕ್ಕೇ ನಾನು ಹಾಕುವುದಿಲ್ಲ.

ಅವ್ವ ಒಂದು ಹಳೇ ಉಪಾಯ ಹೇಳಿಕೊಟ್ಟಳು. "ಗಡಿಗ್ಯಾಗ ಒಣಾ ಸಗಣಿ, ಕಣಿಕಿ ಚೂರ ತುಂಬಿ ನೀರ ಚಿಮುಕಿಸಿ ಬದುವಿನ ಮ್ಯಾಲ ಬೋರಲ ಹಾಕಪಾ. ಮುಂಜಾನಿ ನೋಡ, ವರಲಿ ತುಂಬಿರತಾವ." ಹಾಗೇ ಆಯಿತು. ಗೆದ್ದಲು ತುಂಬಿದ ಗಡಿಗೆಯನ್ನು ಅಂಗಳದಲ್ಲಿ ಸುರಿದರೆ ಕೋಳಿಗಳು ಜಗಳ ಮರೆತು ಮುಗಿಬೀಳುತ್ತವೆ. ಪ್ರೋಟೀನೂ ಆಯಿತು, ಕೊಕ್ಕಿಗೆ ಕೆಲಸವೂ ಆಯಿತು. ಜೊತೆಗೆ ಕುದುರೆ ಮೆಂತೆ, ನುಗ್ಗೆ ಸೊಪ್ಪನ್ನು ಕಟ್ಟು ಮಾಡಿ ಕೋಳಿ ಕುತ್ತಿಗೆ ಚಾಚುವ ಎತ್ತರಕ್ಕೆ ತೂಗುಹಾಕುತ್ತೇನೆ.

ಕೆಂಚಿ

ಕಟ್ಟುವ ಕೆಲಸ ನಡೆದಿದ್ದಾಗಲೇ ಕೆಂಚಿಯನ್ನು ಗಮನಿಸುತ್ತಿದ್ದೆ. ಅದು ಮೊಟ್ಟೆ ಬುಟ್ಟಿ ಬಿಟ್ಟು ಏಳುತ್ತಲೇ ಇರಲಿಲ್ಲ. ಹತ್ತಿರ ಹೋದರೆ ಮೈ ಉಬ್ಬಿಸಿ, ಗಂಟಲಲ್ಲಿ ಗುರ್ ಅನ್ನುತ್ತಿತ್ತು. ದಿನಕ್ಕೆ ಒಮ್ಮೆ ಎದ್ದು, ದೊಡ್ಡ ಹಿಕ್ಕೆ ಹಾಕಿ, ಅವಸರದಲ್ಲಿ ತಿಂದು, ದಾರಿಗೆ ಅಡ್ಡ ಬಂದವರನ್ನೆಲ್ಲ ಹೊಡೆದು ವಾಪಸ್ ಹೋಗಿ ಕೂರುತ್ತಿತ್ತು. ಎದೆಯ ಕೆಳಗೆ ಪುಕ್ಕ ಉದುರಿ ಚರ್ಮ ಬಿಸಿಯಾಗಿತ್ತು. ಕೆಂಚಿ ಕಾವಿಗೆ ಕೂತಿತ್ತು. ಇದ್ದದ್ದು ಒಂದೇ ಬುಟ್ಟಿ ಆದ್ದರಿಂದ ಮೊಟ್ಟೆ ಇಡಲು ಬಂದ ಉಳಿದ ಹೇಂಟೆಗಳು ಅದರ ಎದುರಿಗೇ ಬರಬೇಕಿತ್ತು. ಜುಟ್ಟಿನ ಗಾಯಗಳಿಗೆ ಅರ್ಥ ಅಲ್ಲಿ ಸಿಕ್ಕಿತು.

ಕಾವು ಬಿಡಿಸುವುದು ಕಷ್ಟ ಇಲ್ಲ. ತಳಕ್ಕೆ ಜಾಲಿ ಇರುವ ಪಂಜರವನ್ನು ನೆಲದಿಂದ ಎತ್ತರಕ್ಕೆ ಇಟ್ಟು, ನೀರು ಮೇವು ಕೊಟ್ಟು ಕೂಡಿಹಾಕಿದರೆ, ಕೆಳಗಿನಿಂದ ಗಾಳಿ ಆಡಿ ಎದೆ ತಂಪಾಗಿ, ಮೂರ್ನಾಲ್ಕು ದಿನಕ್ಕೆ ಹೇಂಟೆ ಕಾವು ಮರೆಯುತ್ತದೆ. ಆದರೆ ಕೆಂಚಿ ಕೂರುವುದನ್ನು ನೋಡಿ ನನಗೆ ಬಿಡಿಸಲು ಮನಸ್ಸಾಗಲಿಲ್ಲ. ಅಂಗಳದ ಬೇವಿನ ನೆರಳಿನ ತುದಿಯಲ್ಲಿ 4 ಅಡಿ ಜಾಗವನ್ನು ಜಾಲಿಯಿಂದಲೇ ಬೇರೆ ಮಾಡಿ ಸಣ್ಣ ಬಾಗಿಲು ಇಟ್ಟೆ. ರಾತ್ರಿ ಅದನ್ನು ಬುಟ್ಟಿ ಸಮೇತ ಅಲ್ಲಿಗೆ ಎತ್ತಿಟ್ಟು, ಎಂಟು ಜವಾರಿ ಮೊಟ್ಟೆ ಕೊಟ್ಟೆ. ರಾತ್ರಿ ಸರಿಸಿದರೆ ಹೇಂಟೆ ಜಾಗ ಬದಲಾದದ್ದಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳುವುದಿಲ್ಲ. 21 ದಿನಕ್ಕೆ ಮರಿ ಹೊರಬಂದವು. ಕೆಂಚಿ ಬೇರೆ ಕಡೆ ಇದ್ದ ಆ ದಿನಗಳಲ್ಲಿ ಗುಂಪಿನ ಜುಟ್ಟಿನ ಗಾಯ ನಿಂತವು.

ಈ ಜಾಲಿ ಗೋಡೆಯಿಂದ ಇನ್ನೊಂದು ಅನುಕೂಲ ಇದೆ. ಗುಂಪಿಗೆ ಹೊಸ ಕೋಳಿ ಸೇರಿಸುವಾಗ ಒಂದೇ ಸಲ ಒಳಗೆ ಬಿಟ್ಟರೆ ಹೊಡೆದಾಟ ಗ್ಯಾರಂಟಿ. ಮೊದಲು ಎರಡು ಮೂರು ವಾರ ಪೂರ್ತಿ ದೂರ ಇಡಬೇಕು, ಕೊಕ್ಕರೆ ರೋಗದಂಥದ್ದು (ರಾಣಿಖೇತ್) ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಜಾಲಿಯ ಆಚೆ ಒಂದೆರಡು ವಾರ. ನೋಡಬಹುದು, ಮುಟ್ಟಲಾಗದು. ಜಾಲಿಯ ಎರಡೂ ಬದಿಗೆ ಮೇವು ಇಟ್ಟರೆ ಅಕ್ಕಪಕ್ಕ ತಿನ್ನುವುದು ರೂಢಿಯಾಗುತ್ತದೆ. ಒಂಟಿ ಕೋಳಿಯನ್ನು ಸೇರಿಸುವುದಕ್ಕಿಂತ ಎರಡು ಮೂರು ಒಟ್ಟಿಗೆ ಸೇರಿಸುವುದು ಒಳ್ಳೆಯದು, ಪೆಟ್ಟು ಹಂಚಿಹೋಗುತ್ತದೆ. ಕೆಂಚಿಯ ಮರಿಗಳು ಹೀಗೇ ಜಾಲಿಯ ಆಚೆಯಿಂದ ಎಲ್ಲರ ಕಣ್ಣೆದುರು ಬೆಳೆಯುತ್ತಿವೆ.

ಪುಕ್ಕ ತಿನ್ನುವವಳು

ಕೆಂಚಿ ಬೇರೆಯಾದ ಮೇಲೂ ಬಾಲದ ಬುಡ ಬೋಳಾಗುವುದು ನಿಲ್ಲಲಿಲ್ಲ. ಅದಕ್ಕೆ ಸಂಜೆ ಕೋಲು ಹತ್ತುವ ಹೊತ್ತಿಗೆ ದೂರದಲ್ಲಿ ಕೂತು ನೋಡತೊಡಗಿದೆ. ಸಿಕ್ಕಿದ್ದು ಚುಕ್ಕಿ. ನಮ್ಮ ಹಳೇ ಗಿರಿರಾಜ, ಮಗಳ ತೊಡೆ ಮೇಲೆ ಕೂರುವಷ್ಟು ಸಾಧು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ಈ ತಳಿ ಮೈ ಭಾರದ್ದು, ಸ್ವಭಾವ ಶಾಂತ. ಚುಕ್ಕಿ ಯಾರನ್ನೂ ಓಡಿಸುತ್ತಿರಲಿಲ್ಲ. ಪಕ್ಕದ ಕೋಳಿ ಕಣ್ಣು ಮುಚ್ಚಿದ ಮೇಲೆ ಹೊಸದಾಗಿ ಮೂಡುತ್ತಿದ್ದ ಪುಕ್ಕವನ್ನು ಮೆಲ್ಲಗೆ ಹಿಡಿದು, ಎಳೆದು, ನುಂಗುತ್ತಿತ್ತು. ಚುಕ್ಕಿಯ ಬಾಲ ಮಾತ್ರ ಗುಂಪಿನಲ್ಲೇ ಎಲ್ಲಕ್ಕಿಂತ ತುಂಬಿಕೊಂಡಿತ್ತು. ಪುಕ್ಕ ತಿನ್ನುವ ಕೋಳಿಯನ್ನು ಹುಡುಕುವಾಗ ಇದೊಂದು ಒಳ್ಳೇ ಗುರುತು. ಹಿಕ್ಕೆಯಲ್ಲೂ ಪುಕ್ಕದ ಚೂರು ಕಾಣಬಹುದು.

ಮಗಳು ಅತ್ತಳು. "ಅಪ್ಪಾ, ಚುಕ್ಕಿನ್ನ ಯಾರಿಗೂ ಕೊಡಬ್ಯಾಡ" ಅಂದಳು. ಕೊಡಲಿಲ್ಲ. ಗುಂಪಿಗೆ ಕಾಣದ ಹಾಗೆ ಮನೆಯ ಮುಂದಿನ ಬದಿ ಪಂಜರದಲ್ಲಿ ಕೆಲವು ದಿನ ಇಟ್ಟು, ಹೊಸ ಮೇವು, ದಿನಾ ಸೊಪ್ಪು, ಗೆದ್ದಲು ಕೊಟ್ಟೆ. ಗುಂಪಿನಿಂದ ಹೊರಗಿದ್ದು ಬಂದ ಕೋಳಿಗೆ ಹಳೇ ಸ್ಥಾನ ಉಳಿದಿರುವುದಿಲ್ಲ, ಮತ್ತೆ ಕೆಳಗಿನಿಂದ ಶುರು ಮಾಡಬೇಕು. ಅಷ್ಟರಲ್ಲಿ ಉಳಿದ ಹೇಂಟೆಗಳ ಬಾಲಕ್ಕೆ ಬೇವಿನ ಎಣ್ಣೆ ಹಚ್ಚಿದ್ದೆ. ಹೊಸ ಪುಕ್ಕದ ಬುಡದಲ್ಲಿ ರಕ್ತ ಇರುತ್ತದೆ, ಬೆಳೆಯುವಾಗಲೇ ಅದಕ್ಕೆ ಅಪಾಯ ಜಾಸ್ತಿ.

ಕೊಕ್ಕು ಕತ್ತರಿಸಿ ಅಂತ ಕೆಲವರು ಹೇಳಿದರು. ದೊಡ್ಡ ಫಾರಂಗಳಲ್ಲಿ ಮರಿ ಇದ್ದಾಗಲೇ ಕಾದ ಬ್ಲೇಡಿನಲ್ಲಿ ಕೊಕ್ಕಿನ ತುದಿ ತೆಗೆಯುತ್ತಾರೆ. ಕೊಕ್ಕಿನಲ್ಲಿ ನರಗಳಿವೆ, ನೋವಾಗುತ್ತದೆ. ಹಿತ್ತಲಲ್ಲಿ ಹನ್ನೊಂದು ಕೋಳಿ ಇಟ್ಟುಕೊಂಡವರಿಗೆ ಅದು ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎದುರಿನದು ಕಾಣದ ಹಾಗೆ ಮೂಗಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕನ್ನಡಕಗಳೂ ಇವೆ. ಅವನ್ನು ಹಾಕಿದರೆ ಕುಕ್ಕಾಟ ನಿಲ್ಲಬಹುದು, ಕಾರಣ ಉಳಿದೇ ಇರುತ್ತದೆ.

ಚುಕ್ಕಿ ಈಗ ಗುಂಪಿನಲ್ಲಿದೆ. ಪೂರ್ತಿ ಬಿಟ್ಟಿದೆ ಅಂತ ಹೇಳಲಾರೆ. ಸೊಪ್ಪಿನ ಕಟ್ಟು ಖಾಲಿಯಾದ ದಿನ ಸಂಜೆ ಒಂದೆರಡು ಸಲ ಕೊಕ್ಕು ಚಾಚುವುದನ್ನು ಕಂಡಿದ್ದೇನೆ. ಹಾಗಾಗಿ ಕೋಲಿನ ತುದಿಯಲ್ಲಿ ಒಂದು ಅಡ್ಡ ಹಲಗೆ ಹೊಡೆದು ಅದಕ್ಕೆ ಬೇರೆ ಖಾನೆ ಮಾಡಿದ್ದೇನೆ. ರಾತ್ರಿ ಅಲ್ಲೇ ಕೂರಿಸುತ್ತೇವೆ.

ಅವ್ವ ಒಳಗೆ ಹೋದರೆ ಎಲ್ಲವೂ ಅವಳ ಕಾಲುಂಗುರ ಕುಕ್ಕುತ್ತಿದ್ದವು. ಅದೂ ಸಿಟ್ಟಲ್ಲ, ಹೊಳೆಯುವ ವಸ್ತುವಿನ ಆಸೆ. ಅವಳಿಗೆ ಒಂದು ಜೊತೆ ರಬ್ಬರ್ ಬೂಟು ತಂದುಕೊಟ್ಟೆ.

ಜೂನ್ ಮಳೆ ಬಿದ್ದ ಮೇಲೆ ಬಾಲಗಳು ತುಂಬಿಕೊಳ್ಳುತ್ತಿವೆ. ಬುಡಸಮೇತ ಕಿತ್ತ ಪುಕ್ಕ ಕೆಲವು ವಾರಕ್ಕೆ ಮೂಡುತ್ತದೆ, ನಡುವೆ ಮುರಿದ ಪುಕ್ಕ ಮಾತ್ರ ಮುಂದಿನ ಸಲ ಪುಕ್ಕ ಉದುರಿಸುವ ತನಕ ಹಾಗೇ ಇರುತ್ತದೆ. ಕಂಬಗಳು ಅಲುಗಾಡಿಲ್ಲ. ತಡಿಕೆಯ ಕಣಿಕೆ ತೇವಕ್ಕೆ ಬೂಸ್ಟು ಹಿಡಿಯುವ ಮುನ್ನ ಅದರ ಜಾಗಕ್ಕೆ ಹಲಗೆ ಹಾಕಬೇಕು. ನೆರಳು ಬಲೆ ಇರುವ ಅರ್ಧಕ್ಕೂ ಪತ್ರಾಸು ಹೊದಿಸಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಎಲ್ಲವೂ ಒಣ ಅರ್ಧಕ್ಕೆ ಒತ್ತಿಕೊಂಡು ಮತ್ತೆ ಜಾಗ ಸಾಲದಾಗುತ್ತದೆ. ಬರುವ ವಾರ ಪತ್ರಾಸು ತರುತ್ತಿದ್ದೇನೆ.